ಕ್ವಾರಿಯೂ ಒಂದು ತಲಪರಿಗೆ: ಕಲ್ಲುಗುಂಡಿಯ ನೀರೆತ್ತಿದರೆ ಒರತೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ

ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ತಲಪರಿಗೆ ಎಂದರೆ ನೆಲದ ನೀರು ಯಾರೂ ಎತ್ತದೆ ತಾನಾಗಿ ಹೊರಬರುವ ಜಾಗ. ಹಳ್ಳದ ಮರಳಿನಲ್ಲೋ, ಕೆರೆ ಏರಿಯ ಕೆಳಗಿನ ತಗ್ಗಿನಲ್ಲೋ, ಗುಡ್ಡದ ತಪ್ಪಲಿನಲ್ಲೋ ನೀರು ಜಿನುಗುವ ಕಡೆ ಬಗೆದು, ಹೂಳು ತೆಗೆದು, ಅಲ್ಲಿಂದ ಕಾಲುವೆ ಕಡಿದುಕೊಂಡರೆ, ಏತವಾಗಲಿ ಕಪಿಲೆಯಾಗಲಿ ಇಲ್ಲದೆ ನೀರು ಇಳಿಜಾರಿನ ಹೊಲಗಳಿಗೆ ಹರಿಯುತ್ತದೆ. ಅದರ ಸುತ್ತ ಬೇಸಿಗೆಯಲ್ಲೂ ಆರದ ಜೌಗು ನೆಲ, ಜೊಂಡು, ಏಡಿ, ಕಪ್ಪೆ, ನೀರು ಕುಡಿಯಲು ಬರುವ ಹಕ್ಕಿ. ಕೊರೆಬಾವಿಗಳು ಆಳಕ್ಕೆ ಇಳಿದಂತೆ ಇಂಥ ಒರತೆಗಳಲ್ಲಿ ಅನೇಕವು ಬತ್ತಿವೆ. ಉಳಿದಿರುವ ಕೆಲವಕ್ಕೆ ಹತ್ತಿರದಲ್ಲಿ ಕಲ್ಲುಕ್ವಾರಿ ಬಂದಾಗ ಊರಿನವರು ಕೇಳುವ ಪ್ರಶ್ನೆ ಸರಳವಾದದ್ದು: ಗುಂಡಿಯಲ್ಲಿ ತುಂಬುವ ನೀರನ್ನು ಪಂಪು ಹಚ್ಚಿ ಹೊರಗೆ ಹಾಕಿದರೆ ನಮ್ಮ ಒರತೆ ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಜಲವಿಜ್ಞಾನಿಗಳು ಕಟ್ಟುವ ಗಣಿತದ ಮಾದರಿ ಹೇಗೆ ಕೆಲಸ ಮಾಡುತ್ತದೆ, ಯಾವ ಮಟ್ಟಿಗೆ ಅದನ್ನು ನಂಬಬಹುದು ಎಂಬುದು ಇಲ್ಲಿನ ವಿಷಯ.

ಮಾದರಿಯ ಕಣ್ಣಿಗೆ ಕ್ವಾರಿಗೂ ತಲಪರಿಗೆಗೂ ವ್ಯತ್ಯಾಸವೇ ಇಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಉಳಿದದ್ದು ಸುಲಭ. ಎರಡೂ ನೆಲದಲ್ಲಿರುವ ತಗ್ಗುಗಳು. ಸುತ್ತಲಿನ ಅಂತರ್ಜಲದ ಮಟ್ಟ ತಗ್ಗಿನ ತಳಕ್ಕಿಂತ ಮೇಲಿರುವವರೆಗೆ ನೀರು ಒಳಗೆ ಜಿನುಗುತ್ತದೆ, ಮಟ್ಟ ತಳಕ್ಕಿಂತ ಕೆಳಗಿಳಿದ ದಿನ ನಿಲ್ಲುತ್ತದೆ. ತಲಪರಿಗೆಯ ತಳ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಮಾತ್ರ ಕೆಳಗಿದ್ದರೆ ಕ್ವಾರಿಯ ತಳ ಅರವತ್ತು ಎಪ್ಪತ್ತು ಅಡಿ ಕೆಳಗಿರಬಹುದು. ಒಂದರಿಂದ ನೀರು ತನ್ನಷ್ಟಕ್ಕೆ ಹರಿದು ಹೋಗುತ್ತದೆ, ಇನ್ನೊಂದರಿಂದ ಪಂಪು ಎತ್ತುತ್ತದೆ. ಒಂದೇ ಪದರದ ನೀರಿಗೆ ಎರಡು ಬಾಯಿ ಇದ್ದು, ಅವುಗಳಲ್ಲಿ ಒಂದು ಬಹಳ ಕೆಳಗಿದ್ದರೆ ಗೆಲ್ಲುವುದು ಯಾವುದೆಂದು ಹೇಳಲು ಗಣಿತ ಬೇಕಿಲ್ಲ. ಎಷ್ಟು ದೂರದವರೆಗೆ, ಎಷ್ಟು ಅಡಿ, ಎಷ್ಟು ವರ್ಷಕ್ಕೆ ಎಂದು ಹೇಳಲು ಬೇಕು.

ಲೆಕ್ಕ ಶುರುವಾಗುವುದು ನೆಲದ ಪದರಗಳಿಂದ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳ ಬಹುಭಾಗ ನೈಸ್ ಮತ್ತು ಗ್ರಾನೈಟ್ ಬಂಡೆಗಳ ಸೀಮೆ. ಮಧುಗಿರಿಯ ಏಕಶಿಲೆ ನಿಂತಿರುವುದು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಸಿಕೊಳ್ಳುವ, ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಯ ಪಟ್ಟಿಯ ಮೇಲೆ. ಗಟ್ಟಿ ಬಂಡೆಯ ಒಳಗೆ ನೀರಿಗೆ ಜಾಗವೇ ಇಲ್ಲ. ನೀರು ಇರುವುದು ಎರಡು ಕಡೆ. ಮೇಲಿನ, ಬಂಡೆ ಕೊಳೆತು ಗರಸು ಮತ್ತು ಮಣ್ಣಾದ ಶಿಥಿಲ ಪದರ ಒಂದು. ಅದರ ಕೆಳಗಿನ ಬಿರುಕುಗಳು ಇನ್ನೊಂದು. ಇವೆರಡರ ಗುಣ ಸಂಪೂರ್ಣ ಬೇರೆ. ಶಿಥಿಲ ಪದರ ನೀರನ್ನು ಹಿಡಿದಿಟ್ಟುಕೊಳ್ಳುವ ಕಣಜ, ಆದರೆ ಅದರಲ್ಲಿ ನೀರು ನಿಧಾನವಾಗಿ ಸರಿಯುತ್ತದೆ. ಬಿರುಕು ನೀರನ್ನು ಓಡಿಸುವ ಕೊಳವೆ, ಆದರೆ ಅದರಲ್ಲಿ ಸಂಗ್ರಹ ಇಲ್ಲದಷ್ಟು ಕಡಿಮೆ. ಕೊರೆಬಾವಿ ಲಾರಿಯವರ ಭಾಷೆಯಲ್ಲಿ ಮೊದಲನೆಯದು ಕೇಸಿಂಗ್ ಇಳಿಯುವಷ್ಟು ಆಳ, ಎರಡನೆಯದು ಗ್ಯಾಪ್. ಒಂದು ಊರಿನಲ್ಲಿ ಶಿಥಿಲ ಪದರ ಎಷ್ಟು ದಪ್ಪವಿದೆ ಎಂದು ತಿಳಿಯಲು ದುಬಾರಿ ಸಮೀಕ್ಷೆಗೆ ಹೊರಡುವ ಮೊದಲು ಆ ಊರಿನ ಬೋರ್‌ವೆಲ್ ಬಿಲ್ಲುಗಳಲ್ಲಿ ಎಷ್ಟು ಅಡಿ ಕೇಸಿಂಗ್ ಪೈಪಿಗೆ ದುಡ್ಡು ಕೊಟ್ಟಿದ್ದಾರೆ ಎಂದು ನೋಡುವುದು ಒಳ್ಳೆಯದು. ಅಷ್ಟು ನಂಬಿಕೆಗೆ ಅರ್ಹವಾದ, ಅಷ್ಟು ಅಗ್ಗದ ಮಾಹಿತಿ ಬೇರೆ ಸಿಗುವುದಿಲ್ಲ. ತಲಪರಿಗೆ ಬದುಕಿರುವುದು ಪೂರ್ತಿಯಾಗಿ ಈ ಮೇಲಿನ ಪದರದ ಮೇಲೆ.

ನೀರು ಹೇಗೆ ಸರಿಯುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ದಿಜೋನ್ ಊರಿಗೆ ನೀರು ಪೂರೈಸಿದ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದರು. ಮರಳು ತುಂಬಿದ ಕೊಳವೆಯಲ್ಲಿ ನೀರಿನ ಹರಿವು ಎರಡು ತುದಿಗಳ ಮಟ್ಟದ ವ್ಯತ್ಯಾಸಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ದೂರ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ, ಉಳಿದದ್ದು ಆ ಮರಳು ನೀರನ್ನು ಎಷ್ಟು ಸಲೀಸಾಗಿ ಹಾಯಲು ಬಿಡುತ್ತದೆ ಎಂದು ಹೇಳುವ, ಜಲವಾಹಕತೆ ಎಂಬ ಒಂದು ಸಂಖ್ಯೆಯ ಮೇಲೆ ನಿಂತಿದೆ ಎಂಬುದು ಅದರ ಸಾರ. ಈ ನಿಯಮಕ್ಕೆ, ಒಳಗೆ ಬಂದ ನೀರಿನಿಂದ ಹೊರಗೆ ಹೋದದ್ದನ್ನು ಕಳೆದರೆ ಸಂಗ್ರಹದಲ್ಲಿ ಆದ ಬದಲಾವಣೆ ಸಿಗಬೇಕು ಎಂಬ ಸಾಮಾನ್ಯ ಜಮಾಖರ್ಚನ್ನು ಜೋಡಿಸಿದರೆ ಅಂತರ್ಜಲ ಮಾದರಿಯ ತಿರುಳು ಸಿದ್ಧವಾಗುತ್ತದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 1984ರಲ್ಲಿ ಮೊದಲು ಹೊರತಂದ, ಇಂದಿಗೂ ಉಚಿತವಾಗಿ ದೊರೆಯುವ ಮಾಡ್‌ಫ್ಲೋ ತಂತ್ರಾಂಶ ಮಾಡುವುದೂ ಇಷ್ಟನ್ನೇ: ಒಂದು ಪ್ರದೇಶವನ್ನು ಹೊಲದ ಬದುಗಳಂತೆ ಚೌಕಚೌಕವಾಗಿ, ಅಂತಸ್ತು ಅಂತಸ್ತಾಗಿ ವಿಂಗಡಿಸಿ, ಪ್ರತಿಯೊಂದು ಚೌಕಕ್ಕೂ ಈ ಜಮಾಖರ್ಚನ್ನು ಬರೆದು, ಸಾವಿರಾರು ಚೌಕಗಳ ಲೆಕ್ಕ ಒಟ್ಟಿಗೆ ತಾಳೆಯಾಗುವವರೆಗೆ ನೀರಿನ ಮಟ್ಟವನ್ನು ಸರಿಪಡಿಸುತ್ತಾ ಹೋಗುತ್ತದೆ. ಕ್ವಾರಿಯನ್ನೂ ತಲಪರಿಗೆಯನ್ನೂ ಅದರಲ್ಲಿ ಬಸಿಗಾಲುವೆ ಎಂಬ ಒಂದೇ ಸೂತ್ರದಿಂದ ತೋರಿಸಬಹುದು. ತಳದ ಎತ್ತರ ಎಷ್ಟೆಂದು ಹೇಳಿದರೆ ಸಾಕು.

ತಂತ್ರಾಂಶಕ್ಕೆ ಹೋಗುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡುವುದು ಹಳೆಯ ಕೈಗಳ ಅಭ್ಯಾಸ. ಗಣಿಗುಂಡಿಗೆ ಬರುವ ನೀರನ್ನು ಅಂದಾಜು ಮಾಡಲು ಮರಿನೆಲ್ಲಿ ಮತ್ತು ನಿಕೋಲಿ ಎಂಬ ಇಬ್ಬರು 2000ದಲ್ಲಿ ಪ್ರಕಟಿಸಿದ ಸಮೀಕರಣವನ್ನು ಇದಕ್ಕೆ ಬಳಸುತ್ತಾರೆ. ಅದರ ತರ್ಕ ಹೀಗಿದೆ: ಗುಂಡಿಯಿಂದ ದಿನವೂ ಎತ್ತುವ ನೀರು, ಅದರ ಸುತ್ತಲಿನ ಒಂದು ವೃತ್ತದೊಳಗೆ ಮಳೆಯಿಂದ ಇಂಗುವ ನೀರಿಗೆ ಸಮನಾಗುವವರೆಗೆ ಆ ವೃತ್ತ ಹಿಗ್ಗುತ್ತಲೇ ಹೋಗುತ್ತದೆ. ವೃತ್ತದ ಅಂಚು ಸಿಕ್ಕರೆ ಪ್ರಭಾವದ ದೂರ ಸಿಕ್ಕಂತೆ. ಒಂದು ಕಾಲ್ಪನಿಕ ಕ್ವಾರಿಯನ್ನು ತೆಗೆದುಕೊಳ್ಳೋಣ. ಅದರ ಅರ್ಧವ್ಯಾಸ 100 ಮೀಟರ್, ಎಂದರೆ ಸುಮಾರು 8 ಎಕರೆ. ತಳ ಮೂಲ ನೀರಿನ ಮಟ್ಟಕ್ಕಿಂತ 20 ಮೀಟರ್ ಕೆಳಗೆ. ಮಳೆ ವರ್ಷಕ್ಕೆ 650 ಮಿಲಿಮೀಟರ್. ಅದರಲ್ಲಿ ಇಂಗುವುದೆಷ್ಟು ಎಂಬುದಕ್ಕೆ ನಮ್ಮ ದೇಶದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಹಾಕಿಕೊಟ್ಟ ರೂಢಿಯಿದೆ: ಜೇಡಿ ಹೆಚ್ಚಿರುವ ಶಿಥಿಲ ಗ್ರಾನೈಟ್ ಮತ್ತು ನೈಸ್ ನೆಲಕ್ಕೆ ಶೇಕಡಾ 8, ಜೇಡಿ ಕಡಿಮೆಯಿದ್ದರೆ ಶೇಕಡಾ 11. ಎಂಟನ್ನೇ ಹಿಡಿದರೆ ವರ್ಷಕ್ಕೆ 52 ಮಿಲಿಮೀಟರ್ ನೀರು ಒಳಗೆ ಹೋಗುತ್ತದೆ. ಜಲವಾಹಕತೆ ದಿನಕ್ಕೆ 0.1 ಮೀಟರ್ ಎಂದಿಟ್ಟುಕೊಳ್ಳೋಣ.

ಸಮೀಕರಣ ಬಿಡಿಸಿದರೆ ವೃತ್ತದ ಅರ್ಧವ್ಯಾಸ ಸುಮಾರು 500 ಮೀಟರ್ ಬರುತ್ತದೆ. ದಿನಕ್ಕೆ ಎತ್ತಬೇಕಾದ ನೀರು ಸುಮಾರು 107 ಘನ ಮೀಟರ್, ಎಂದರೆ ಐದು ಸಾವಿರ ಲೀಟರಿನ ಟ್ಯಾಂಕರು ಇಪ್ಪತ್ತೊಂದು ಸಲ ತುಂಬುವಷ್ಟು. ನೀರಿನ ಮಟ್ಟ ಇಳಿಯುವುದು ಮಾತ್ರ ವೃತ್ತದೊಳಗೆ ಎಲ್ಲೆಡೆ ಒಂದೇ ಅಲ್ಲ. ಗುಂಡಿಯ ನಡುವಿನಿಂದ 200 ಮೀಟರ್ ದೂರದಲ್ಲಿ 5 ಮೀಟರ್, 300 ಮೀಟರ್ ದೂರದಲ್ಲಿ ಒಂದೂಮುಕ್ಕಾಲು ಮೀಟರ್, 400 ಮೀಟರ್ ದೂರದಲ್ಲಿ 40 ಸೆಂಟಿಮೀಟರಿಗೂ ತುಸು ಕಡಿಮೆ. ಹೀಗೆ ಅಂಚಿನತ್ತ ಬೇಗ ಚಪ್ಪಟೆಯಾಗುವ ಈ ಆಕಾರಕ್ಕೆ ಕುಸಿತದ ಶಂಕು ಎಂದು ಹೆಸರು.

ಇಲ್ಲಿ ನಿಂತು ಆ 40 ಸೆಂಟಿಮೀಟರನ್ನು ನೋಡಬೇಕು. ಸಾವಿರ ಅಡಿಯ ಕೊರೆಬಾವಿ ಇರುವ ರೈತನಿಗೆ ಅದು ಲೆಕ್ಕಕ್ಕಿಲ್ಲ. ಹಳೆಯ ತೋಡುಬಾವಿ ಇನ್ನೂ ಜೀವಂತವಿದ್ದರೆ ಅದರಲ್ಲಿ ಒಂದು ಮೆಟ್ಟಿಲು ಹೆಚ್ಚು ಕಾಣಬಹುದು. ಆದರೆ ತಳ ನೀರಿನ ಮಟ್ಟಕ್ಕಿಂತ ಒಂದು ಅಡಿ ಮಾತ್ರ ಕೆಳಗಿರುವ ತಲಪರಿಗೆಗೆ ಆ 40 ಸೆಂಟಿಮೀಟರೇ ಬದುಕು ಸಾವಿನ ಗೆರೆ. ಜೊಂಡಿನ ಬೇರು, ಕಪ್ಪೆಯ ಮೊಟ್ಟೆ, ಬೇಸಿಗೆಯ ಒದ್ದೆ ಮಣ್ಣು ಎಲ್ಲವೂ ನಿಂತಿರುವುದು ಆ ಒಂದು ಅಡಿಯ ಮೇಲೆ. ಜೌಗು ನೆಲದ ಮೇಲಿನ ಪರಿಣಾಮ ಮಟ್ಟದ ಕುಸಿತಕ್ಕೆ ಅನುಪಾತದಲ್ಲಿ ಹೆಚ್ಚುವುದಿಲ್ಲ. ಹೊಸ್ತಿಲು ದಾಟುವವರೆಗೆ ಏನೂ ಆಗದಂತೆ ಕಂಡು, ದಾಟಿದ ಕೂಡಲೇ ಎಲ್ಲವೂ ಮುಗಿದಿರುತ್ತದೆ. ಅಂತರ್ಜಲ ಮಾದರಿಗಳು ಸಾಮಾನ್ಯವಾಗಿ ಮೀಟರುಗಳ ಲೆಕ್ಕದಲ್ಲಿ ಸರಿ ಹೇಳುತ್ತವೆ, ತಲಪರಿಗೆ ಕೇಳುವುದು ಸೆಂಟಿಮೀಟರುಗಳ ಉತ್ತರ. ಈ ವಿಷಯದಲ್ಲಿ ನಡೆಯುವ ಬಹುಪಾಲು ಜಗಳದ ಮೂಲ ಇದೇ ಎಂಬುದು ನನ್ನ ಅಭಿಪ್ರಾಯ: 'ಗಣನೀಯ ಪರಿಣಾಮ ಇಲ್ಲ' ಎಂದು ಬರೆದ ವರದಿಯೂ, 'ನಮ್ಮ ಒರತೆ ಹೋಯಿತು' ಎನ್ನುವ ಊರೂ ಒಂದೇ ಸಂಖ್ಯೆಯನ್ನು ಹೇಳುತ್ತಿರಬಹುದು.

ಮೇಲಿನ ಲೆಕ್ಕದಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಜಲವಾಹಕತೆ. ಅದನ್ನು 0.1ರ ಬದಲು 0.01 ಎಂದು ಹಿಡಿದರೆ ವೃತ್ತ 500 ಮೀಟರಿನಿಂದ ಸುಮಾರು 240 ಮೀಟರಿಗೆ ಕುಗ್ಗಿ, ಎತ್ತುವ ನೀರು ದಿನಕ್ಕೆ 22 ಘನ ಮೀಟರಿಗೆ ಇಳಿಯುತ್ತದೆ. 1 ಎಂದು ಹಿಡಿದರೆ ವೃತ್ತ ಸುಮಾರು 1,190 ಮೀಟರಿಗೆ ಹಿಗ್ಗಿ, ನೀರು 630 ಘನ ಮೀಟರಿಗೆ ಏರುತ್ತದೆ. ಬಂಡೆ ನೆಲದಲ್ಲಿ ಒಂದೇ ಊರಿನ ಎರಡು ಮೂಲೆಗಳ ನಡುವೆ ಇಷ್ಟು ವ್ಯತ್ಯಾಸ ಇರುವುದು ಅಪರೂಪವೇನಲ್ಲ. ಆದ್ದರಿಂದ ಒಂದೇ ವೃತ್ತವನ್ನು ದಪ್ಪ ಗೆರೆಯಲ್ಲಿ ಎಳೆದು, ಒಳಗಿರುವವರಿಗೆ ಪರಿಣಾಮ, ಹೊರಗಿರುವವರಿಗೆ ಇಲ್ಲ ಎಂದು ತೋರಿಸುವ ನಕ್ಷೆಯನ್ನು ಅನುಮಾನದಿಂದಲೇ ನೋಡಬೇಕು. ಸರಿಯಾದ ವರದಿ ಹಲವು ವೃತ್ತಗಳನ್ನು ಕೊಡುತ್ತದೆ ಮತ್ತು ಯಾವುದು ಎಷ್ಟು ಸಂಭವನೀಯ ಎಂದೂ ಹೇಳುತ್ತದೆ.

ಮಟ್ಟ ಇಳಿಯಲು ಹಿಡಿಯುವ ಕಾಲ ಇನ್ನೊಂದು ಪ್ರಶ್ನೆ. ಶಿಥಿಲ ಪದರವನ್ನು ಹಿಂಡಿದರೆ ಅದರ ಗಾತ್ರದ ಶೇಕಡಾ ಒಂದೂವರೆಯಿಂದ ಮೂರರಷ್ಟು ನೀರು ಸಿಗುತ್ತದೆ ಎಂಬುದು ಅದೇ ಸಮಿತಿಯ ರೂಢಿ. ನಮ್ಮ ಕಾಲ್ಪನಿಕ ಕ್ವಾರಿಗೆ ಇದನ್ನು ಅನ್ವಯಿಸಿದರೆ 400 ಮೀಟರ್ ದೂರದ ತಲಪರಿಗೆಗೆ ಕುಸಿತದ ಬಹುಪಾಲು ತಲುಪಲು ಸುಮಾರು 3ರಿಂದ 6 ವರ್ಷ ಬೇಕು. ಕ್ವಾರಿ ಶುರುವಾದ ವರ್ಷ ಒರತೆ ಚೆನ್ನಾಗಿಯೇ ಇತ್ತು ಎಂಬುದು ಹಾಗಾಗಿ ಯಾವುದಕ್ಕೂ ಸಾಕ್ಷಿಯಲ್ಲ. ಅದೇ ದೂರಕ್ಕೆ ನೀರಿನ ದಾರಿ ಶಿಥಿಲ ಪದರದ ಬದಲು ಸಂಗ್ರಹವಿಲ್ಲದ ಒಂದು ಬಿರುಕಾಗಿದ್ದರೆ, ಮಟ್ಟ ಇಳಿದಾಗ ಬಿಟ್ಟುಕೊಡುವ ನೀರಿನ ಪಾಲನ್ನು ಹೇಳುವ ಸಂಗ್ರಹ ಗುಣಾಂಕ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ ಇದೆ ಎಂದು ಹಿಡಿದರೆ, ಅದೇ ಸುದ್ದಿ ಎಂಟೇ ದಿನಗಳಲ್ಲಿ ತಲುಪುತ್ತದೆ. ಸಿಡಿಮದ್ದು ಹಾಕಿದ ವಾರವೇ ಬೋರು ನಿಂತಿತು ಎಂಬ ದೂರನ್ನು ತಳ್ಳಿಹಾಕುವ ಮೊದಲು ಗುಂಡಿಯ ಗೋಡೆಯಲ್ಲಿ ನೀರು ಯಾವ ಬಿರುಕಿನಿಂದ ಬರುತ್ತಿದೆ, ಅದರ ದಿಕ್ಕು ಎತ್ತ ಎಂದು ನೋಡಬೇಕಾದ ಕಾರಣ ಇದು. ಬಿರುಕಿನ ಅಗಲ ಎರಡರಷ್ಟಾದರೆ ಅದರಲ್ಲಿ ಹರಿಯುವ ನೀರು ಎಂಟರಷ್ಟಾಗುತ್ತದೆ, ಆದ್ದರಿಂದ ಸಾಮಾನ್ಯವಾಗಿ ಗುಂಡಿಗೆ ಬರುವ ನೀರಿನ ಹೆಚ್ಚು ಪಾಲು ಬೆರಳೆಣಿಕೆಯ ಬಿರುಕುಗಳದ್ದೇ ಆಗಿರುತ್ತದೆ.

ವೃತ್ತ ವೃತ್ತವಾಗಿರದಂತೆ ಮಾಡುವ ಇನ್ನೊಂದು ಸಂಗತಿ ಈ ಸೀಮೆಯಲ್ಲಿದೆ. ಬಂಡೆಯನ್ನು ಸೀಳಿಕೊಂಡು ಮೈಲುಗಟ್ಟಲೆ ಹೋಗುವ ಡಾಲರೈಟ್ ಡೈಕುಗಳು, ಎಂದರೆ ಕರಿಕಲ್ಲಿನ ಸಾಲುಗಳು, ನೆಲದೊಳಗೆ ಕಟ್ಟಿದ ಏರಿಯಂತೆ ನೀರನ್ನು ತಡೆಯುತ್ತವೆ. ಡೈಕಿನ ಮೇಲ್ಮಗ್ಗುಲಿನಲ್ಲಿ ನೀರು ಕಟ್ಟಿಕೊಂಡು ಒರತೆಯಾಗಿ ಹೊರಬರುವುದುಂಟು. ಕ್ವಾರಿ ಒಂದು ಮಗ್ಗುಲಿನಲ್ಲಿದ್ದು ತಲಪರಿಗೆ ಇನ್ನೊಂದು ಮಗ್ಗುಲಿನಲ್ಲಿದ್ದರೆ ಮುನ್ನೂರು ಮೀಟರ್ ಅಂತರವೂ ಸುರಕ್ಷಿತವಾಗಿರಬಹುದು. ಅದೇ ಕರಿಕಲ್ಲನ್ನೇ ಕಡಿದು ತೆಗೆಯುವ ಕ್ವಾರಿಯಾದರೆ, ಅದು ನೆಲದೊಳಗಿನ ಏರಿಯನ್ನೇ ಒಡೆದಂತೆ. ಆಗ ವೃತ್ತದ ಲೆಕ್ಕ ಹಾಕಿ ಪ್ರಯೋಜನವಿಲ್ಲ, ಚೌಕಗಳ ಮಾದರಿಯಲ್ಲಿ ಡೈಕನ್ನು ಅದರ ಜಾಗದಲ್ಲೇ ಬರೆದು ನೋಡಬೇಕು.

ಕೆರೆಯ ವಿಷಯ ಬೇರೆಯೇ. ತಲಪರಿಗೆ ನೆಲದಿಂದ ನೀರು ಪಡೆಯುತ್ತದೆ. ಕೆರೆ ಹಳ್ಳದಿಂದ ನೀರು ಪಡೆದು ನೆಲಕ್ಕೆ ಕೊಡುತ್ತದೆ. ಕೆರೆಯ ಹೂಳಿನ ತಳದಿಂದ ಇಂಗುವ ನೀರು, ಕೆಳಗಿನ ಅಂತರ್ಜಲ ಮಟ್ಟ ತಳವನ್ನು ಮುಟ್ಟುತ್ತಿರುವವರೆಗೆ ಮಾತ್ರ ಆ ಮಟ್ಟವನ್ನು ಅವಲಂಬಿಸಿರುತ್ತದೆ. ಮಟ್ಟ ತಳದಿಂದ ಬಿಟ್ಟುಕೊಂಡು ಸಾಕಷ್ಟು ಕೆಳಗೆ ಹೋದ ಮೇಲೆ ಇನ್ನೂ ನೂರು ಅಡಿ ಇಳಿದರೂ ಕೆರೆಯಿಂದ ಇಂಗುವ ವೇಗ ಹೆಚ್ಚುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಬಹಳಷ್ಟು ಕೆರೆಗಳು ಈಗ ಇರುವುದು ಇದೇ ಸ್ಥಿತಿಯಲ್ಲಿ. ಕ್ವಾರಿಯ ಪಂಪು ಅಂಥ ಕೆರೆಯನ್ನು ನೆಲದ ಕೆಳಗಿನಿಂದ ಬತ್ತಿಸಲಾರದು. ಮೇಲಿನಿಂದ ಬತ್ತಿಸಬಲ್ಲದು: ಗುಡ್ಡದಿಂದ ಇಳಿಯುವ ಮಳೆನೀರು ಗುಂಡಿಗೆ ಬೀಳುತ್ತದೆ, ಲಾರಿ ರಸ್ತೆ ರಾಜಕಾಲುವೆಯನ್ನು ಅಡ್ಡಗಟ್ಟುತ್ತದೆ, ಕ್ರಷರಿನ ಕಲ್ಲುಪುಡಿ ಕೆರೆಯಂಗಳಕ್ಕೆ ಹರಿದು ಸಿಮೆಂಟು ಬಳಿದಂತೆ ಕೂರುತ್ತದೆ. ಅಂತರ್ಜಲದ ಮಾದರಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ, ಮೇಲ್ಮೈ ಹರಿವಿನ ಲೆಕ್ಕವನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಇದೇ ಮಾತು ಗುಡ್ಡದ ಮೇಲಿನ ಕ್ವಾರಿಗೂ ಸಲ್ಲುತ್ತದೆ. ಅದರ ತಳ ನೀರಿನ ಮಟ್ಟಕ್ಕಿಂತ ಮೇಲೇ ಇದ್ದರೆ ಮಾದರಿ ಸೊನ್ನೆ ಎಂದು ಹೇಳುತ್ತದೆ ಮತ್ತು ಆ ಸೊನ್ನೆ ಸರಿಯಾಗಿಯೇ ಇರುತ್ತದೆ. ಆದರೆ ಬೋಳು ಬಂಡೆಯ ಮೇಲಿನಿಂದ ಜಾರಿದ ಮಳೆನೀರು ಇಂಗುವುದು ಗುಡ್ಡದ ಬುಡದ ಗರಸು ನೆಲದಲ್ಲಿ, ಅಲ್ಲಿ ಕಲ್ಲಿನ ರಾಶಿ ಸುರಿದರೆ ಮರುಪೂರಣ ಎಷ್ಟು ತಪ್ಪಿತು ಎಂಬುದು ಬೇರೆ ಪ್ರಶ್ನೆ. ಇನ್ನೊಂದು ಮಾತು: 2017ರ ಜೌಗುಪ್ರದೇಶ ನಿಯಮಗಳು ಕುಡಿಯುವ ನೀರಿಗೂ ನೀರಾವರಿಗೂ ಮನುಷ್ಯರು ಕಟ್ಟಿದ ಜಲಕಾಯಗಳನ್ನು ಹೊರಗಿಟ್ಟಿವೆ. ನಮ್ಮ ಕೆರೆಗಳ ನಾಡಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾದರಿ ಕಟ್ಟುವವರಿಗೆ ನಿಜವಾದ ತಲೆನೋವು ಕೊರೆಬಾವಿಗಳು. ಒರತೆ ಬತ್ತಿದ್ದಕ್ಕೆ ಕ್ವಾರಿ ಕಾರಣವೋ, ಸುತ್ತಲಿನ ಇನ್ನೂರು ಬೋರುಗಳು ಕಾರಣವೋ ಎಂದು ಕಣ್ಣಿನಿಂದ ಹೇಳಲು ಸಾಧ್ಯವಿಲ್ಲ, ಏಕೆಂದರೆ ನೀರಿನ ಮಟ್ಟದಲ್ಲಿ ಇಬ್ಬರ ಕುಸಿತವೂ ಒಂದರ ಮೇಲೊಂದು ಕೂಡಿಕೊಂಡಿರುತ್ತದೆ. ಮಾದರಿಯ ಅತಿ ದೊಡ್ಡ ಉಪಯೋಗ ಇಲ್ಲಿದೆ: ಅದರಲ್ಲಿ ಕ್ವಾರಿಯನ್ನು ಅಳಿಸಿ ಬೋರುಗಳನ್ನು ಉಳಿಸಿ ಒಮ್ಮೆ, ಬೋರುಗಳನ್ನು ಅಳಿಸಿ ಕ್ವಾರಿಯನ್ನು ಉಳಿಸಿ ಇನ್ನೊಮ್ಮೆ ಓಡಿಸಿ, ಯಾರ ಪಾಲು ಎಷ್ಟು ಎಂದು ಬೇರ್ಪಡಿಸಬಹುದು, ನಿಜವಾದ ನೆಲದಲ್ಲಿ ಈ ಪ್ರಯೋಗ ಮಾಡಲಾಗುವುದಿಲ್ಲ. ಒಂದಕ್ಕಿಂತ ಹೆಚ್ಚು ಕ್ವಾರಿಗಳಿದ್ದಾಗಲೂ ಹೀಗೆಯೇ. ಪರಿಸರ ಪರಿಣಾಮ ಅಧಿಸೂಚನೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಒಂದೇ ಖನಿಜದ ಎರಡು ಗುತ್ತಿಗೆಗಳ ಅಂಚುಗಳ ನಡುವಿನ ಅಂತರ 500 ಮೀಟರಿಗಿಂತ ಕಡಿಮೆಯಿದ್ದರೆ ಅವುಗಳನ್ನು ಒಂದು ಗುಂಪು ಎಂದು ಪರಿಗಣಿಸಬೇಕು. ನಮ್ಮ ಕಾಲ್ಪನಿಕ ಕ್ವಾರಿಯಂಥವೇ ಎರಡು, ಅಂಚಿನಿಂದ ಅಂಚಿಗೆ 600 ಮೀಟರ್ ಅಂತರದಲ್ಲಿವೆ ಎನ್ನೋಣ. ನಿಯಮದ ಪ್ರಕಾರ ಅವು ಗುಂಪಲ್ಲ. ಆದರೆ ಎರಡರ ನಟ್ಟನಡುವೆ ಇರುವ ತಲಪರಿಗೆಗೆ ಎರಡೂ ಗುಂಡಿಗಳ ನಡುಬಿಂದು 400 ಮೀಟರ್ ದೂರ. ಒಂದರಿಂದ 40 ಸೆಂಟಿಮೀಟರಿನಷ್ಟು ಇಳಿದ ನೀರು ಎರಡರಿಂದ ಮುಕ್ಕಾಲು ಮೀಟರ್ ಇಳಿಯುತ್ತದೆ. ನೀರಿಗೆ ಗುತ್ತಿಗೆಯ ಗಡಿಕಲ್ಲು ಕಾಣುವುದಿಲ್ಲ.

ಕಟ್ಟಿದ ಮಾದರಿ ನೆಲಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸುವ ಹಂತಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಅಳೆದ ನೀರಿನ ಮಟ್ಟಗಳನ್ನು ಮಾದರಿ ಹೇಳುವ ಮಟ್ಟಗಳ ಪಕ್ಕದಲ್ಲಿಟ್ಟು, ವ್ಯತ್ಯಾಸ ಕಡಿಮೆಯಾಗುವಂತೆ ಜಲವಾಹಕತೆ ಮತ್ತು ಮರುಪೂರಣವನ್ನು ತಿದ್ದುತ್ತಾ ಹೋಗುವುದು. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ, ಜನವರಿ, ಮೇ, ಆಗಸ್ಟ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಅಳೆಯುತ್ತದೆ. ಬರ ಘೋಷಣೆಯಾದ 2018ರಂಥ ವರ್ಷವೂ, ಕೆರೆಗಳು ಕೋಡಿ ಬಿದ್ದ 2022ರಂಥ ವರ್ಷವೂ ಸೇರಿದ ದಾಖಲೆ ಇದ್ದರೆ ಒಳ್ಳೆಯದು; ಬರಿಯ ಒಳ್ಳೆಯ ಮಳೆಯ ವರ್ಷಗಳಿಗೆ ಹೊಂದಿಸಿದ ಮಾದರಿ ಬರದಲ್ಲಿ ದಾರಿ ತಪ್ಪುತ್ತದೆ. ಕೋಲಾರದಲ್ಲಿ ಮಾದರಿ ಕಟ್ಟುವವರು 2018ರ ನಂತರ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಿಂದ ಕೆರೆಗಳಿಗೆ ಬಂದಿರುವುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಮರೆತರೆ ಆ ನೀರೆಲ್ಲ ಮಳೆಯ ಖಾತೆಗೆ ಜಮೆಯಾಗಿ ಕ್ವಾರಿಯ ಪರಿಣಾಮ ಕಡಿಮೆ ಎಂದು ತೋರುತ್ತದೆ.

ಬರಿಯ ಮಟ್ಟಗಳಿಗೆ ಹೊಂದಿಸುವುದರಲ್ಲಿ ಒಂದು ಬಲೆ ಇದೆ, ಇದನ್ನು ಅನುಭವಸ್ಥರೂ ಕೆಲವೊಮ್ಮೆ ಕಡೆಗಣಿಸುತ್ತಾರೆ. ಮೇಲಿನ ವೃತ್ತದ ಸಮೀಕರಣದಲ್ಲಿ ನೀರಿನ ಮಟ್ಟವನ್ನು ನಿರ್ಧರಿಸುವುದು ಮರುಪೂರಣವೂ ಅಲ್ಲ, ಜಲವಾಹಕತೆಯೂ ಅಲ್ಲ, ಅವೆರಡರ ಅನುಪಾತ ಮಾತ್ರ. ಎರಡನ್ನೂ ಇಮ್ಮಡಿಸಿದರೆ ಎಲ್ಲ ಬಾವಿಗಳ ಮಟ್ಟ ಇದ್ದಂತೆಯೇ ಇರುತ್ತದೆ, ಗುಂಡಿಗೆ ಬರುವ ನೀರು ಮಾತ್ರ ಎರಡರಷ್ಟಾಗುತ್ತದೆ. ಎಂದರೆ ನೂರು ಬಾವಿಗಳ ಮಟ್ಟಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವ ಮಾದರಿಯೂ ನೀರಿನ ಪ್ರಮಾಣದಲ್ಲಿ ಪೂರ್ತಿ ತಪ್ಪಾಗಿರಬಹುದು. ಈ ಬಲೆಯಿಂದ ಹೊರಬರಲು ಎಲ್ಲಾದರೂ ಒಂದು ಕಡೆ ಹರಿವನ್ನು ಅಳೆಯಲೇಬೇಕು. ಕ್ವಾರಿಯ ಪಂಪಿಗೆ ಮೀಟರ್ ಹಾಕುವುದು ಒಂದು ದಾರಿ. ತಲಪರಿಗೆಯ ಕಾಲುವೆಯಲ್ಲಿ ಇಂಗ್ಲಿಷಿನ ವಿ ಅಕ್ಷರದ ಆಕಾರದ ಕಂಡಿ ಕೊರೆದ ತಗಡು ನಿಲ್ಲಿಸಿ, ಕಂಡಿಯ ಮೂಲೆಯಿಂದ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಎಂದು ಸ್ಕೇಲಿನಲ್ಲಿ ನೋಡುವುದು ಇನ್ನೊಂದು. ತೊಂಬತ್ತು ಡಿಗ್ರಿಯ ಕಂಡಿಯಲ್ಲಿ ನೀರು 5 ಸೆಂಟಿಮೀಟರ್ ಎತ್ತರಕ್ಕಿದ್ದರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್ ಹರಿಯುತ್ತಿದೆ ಎಂದರ್ಥ. ಅದು 4 ಸೆಂಟಿಮೀಟರಿಗೆ ಇಳಿದರೆ ಹರಿವು ಐದರಲ್ಲಿ ಒಂದು ಭಾಗವಲ್ಲ, ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆಯಾಗಿರುತ್ತದೆ. ಶಾಲೆಯ ಮಕ್ಕಳೂ ವಾರಕ್ಕೊಮ್ಮೆ ಬರೆದಿಡಬಹುದಾದ ಈ ಅಂಕಿ, ಕ್ವಾರಿ ಆರಂಭವಾಗುವ ಎರಡು ವರ್ಷ ಮೊದಲಿನಿಂದ ಇದ್ದರೆ, ಕಂಪ್ಯೂಟರಿನ ಬಣ್ಣದ ನಕ್ಷೆಗಳಿಗಿಂತ ಹೆಚ್ಚು ತೂಗುತ್ತದೆ. ಆರಂಭವಾದ ಮೇಲೆ ಅಳೆಯಲು ಹೊರಟರೆ ಮೊದಲು ಹೇಗಿತ್ತು ಎಂಬುದೇ ವಾದದ ವಿಷಯವಾಗುತ್ತದೆ.

ಎತ್ತಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮಾದರಿಯಲ್ಲಿ ಬರೆಯಬೇಕು. ಧೂಳು ಅಡಗಿಸಲು ರಸ್ತೆಗೆ ಚಿಮುಕಿಸಿದ ನೀರು ಆವಿಯಾಗಿ ಹೋಗುತ್ತದೆ. ಅದೇ ನೀರನ್ನು ಕಲ್ಲುಪುಡಿ ಕೂರುವಂತೆ ಒಂದು ತೊಟ್ಟಿಯಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ತಲಪರಿಗೆಯ ಮೇಲ್ಮಗ್ಗುಲಿನ ಇಂಗುಗುಂಡಿಗಳಿಗೆ ಬಿಟ್ಟರೆ ಕುಸಿತದ ಒಂದು ಪಾಲು ತುಂಬಿಕೊಳ್ಳುತ್ತದೆ. ಎಷ್ಟು ಪಾಲು ಎಂಬುದನ್ನು ಅದೇ ಮಾದರಿಯಲ್ಲಿ ಓಡಿಸಿ ನೋಡಬಹುದು. ಗುಂಡಿಗೆ ತೀರ ಹತ್ತಿರ ಬಿಟ್ಟ ನೀರು ತಿರುಗಿ ಗುಂಡಿಗೇ ಬರುತ್ತದೆ. ಬಿಟ್ಟೆವೆಂದು ತೃಪ್ತಿಪಡುವುದೊಂದೇ ಆಗ ಉಳಿಯುವ ಲಾಭ.

ಕ್ವಾರಿ ಮುಚ್ಚಿ ಪಂಪು ನಿಂತ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ ಎಂಬ ಊಹೆ ಸಾಮಾನ್ಯ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿ ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡದ್ದನ್ನು ನೋಡಿದವರಿಗೆ ಹಾಗೆ ಅನಿಸುವುದು ಸಹಜವೂ ಹೌದು. ಆದರೆ ಸುರಂಗದ ನೀರಿನ ಮೇಲೆ ಬಿಸಿಲು ಬೀಳುವುದಿಲ್ಲ, ತೆರೆದ ಗುಂಡಿಯ ಮೇಲೆ ಬೀಳುತ್ತದೆ. ನಮ್ಮ ಕಾಲ್ಪನಿಕ ಗುಂಡಿಯಲ್ಲಿ ನೀರು ನಿಂತು ವರ್ಷಕ್ಕೆ 1,500 ಮಿಲಿಮೀಟರ್ ಆವಿಯಾಗುತ್ತದೆ ಎಂದು ಇಟ್ಟುಕೊಂಡರೆ, ಅದರ ಮೇಲೆಯೇ ಬೀಳುವ 650 ಮಿಲಿಮೀಟರ್ ಮಳೆ ಕಳೆದು ಉಳಿಯುವ 850 ಮಿಲಿಮೀಟರ್ ನೀರನ್ನು ಸುತ್ತಲಿನ ನೆಲವೇ ಕೊಡಬೇಕು. 8 ಎಕರೆಗೆ ಅದು ದಿನಕ್ಕೆ ಸುಮಾರು 73 ಘನ ಮೀಟರ್, ಪಂಪು ಎತ್ತುತ್ತಿದ್ದುದರ ಮೂರನೇ ಎರಡು ಭಾಗ. ಅದೇ ಸಮೀಕರಣವನ್ನು ಈ ಸಂಖ್ಯೆಯಿಂದ ಹಿಂದಕ್ಕೆ ಬಿಡಿಸಿದರೆ, ಗುಂಡಿಯ ನೀರು ಮೂಲ ಮಟ್ಟಕ್ಕಿಂತ ಸುಮಾರು 7 ಮೀಟರ್ ಕೆಳಗೆ ನಿಂತುಬಿಡುತ್ತದೆ, ವೃತ್ತ 500 ಮೀಟರಿನಿಂದ 415 ಮೀಟರಿನಷ್ಟಕ್ಕೆ ಮಾತ್ರ ಕುಗ್ಗುತ್ತದೆ. ನಿಜವಾದ ಗುಂಡಿಯ ಎತ್ತರದ ಗೋಡೆಗಳು ನೆರಳು ಕೊಟ್ಟು, ಗಾಳಿ ತಡೆದು ಆವಿಯನ್ನು ಇನ್ನಷ್ಟು ತಗ್ಗಿಸಬಹುದು, ಸುತ್ತಲಿನ ಮಳೆನೀರು ಒಳಗೆ ಹರಿದರೆ ಮಟ್ಟ ಇನ್ನೂ ಮೇಲೇರಬಹುದು. ಅದೆಲ್ಲವನ್ನೂ ಬದಿಗಿಟ್ಟು ಬರಿಯ ಈ ಲೆಕ್ಕವನ್ನೇ ಹಿಡಿದರೆ, 400 ಮೀಟರ್ ದೂರದ ತಲಪರಿಗೆಯ ಸುತ್ತ ನೀರಿನ ಮಟ್ಟ ಕೆಲವು ವರ್ಷಗಳಲ್ಲಿ ಹಳೆಯ ಗುರುತಿಗೆ ಮರಳುತ್ತದೆ. 300 ಮೀಟರ್ ದೂರದ್ದರ ಸುತ್ತ ಅರ್ಧ ಮೀಟರ್ ಕೆಳಗೆಯೇ ಉಳಿಯುತ್ತದೆ, ಮತ್ತು ಅದರ ಕಾಲುವೆಗೆ ನೀರು ಬರಬೇಕಾದರೆ ತಳವನ್ನು ಅಷ್ಟೇ ಆಳಕ್ಕೆ ಮತ್ತೆ ಬಗೆಯಬೇಕಾಗುತ್ತದೆ.